ಹಿತ್ತಲ ಬೇವಿನ ಮರದಲ್ಲಿ ಬೇಟೆಹಕ್ಕಿಯ ಗೂಡು: ಅಳಿಲುಗಳ ಗತಿಯೇನು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಕಾಗೆ, ಗುಬ್ಬಿ, ಗಿಳಿ, ಪಾರಿವಾಳಗಳನ್ನು ಬಿಟ್ಟರೆ ಹಕ್ಕಿಗಳ ಹೆಸರು ಹೇಳುವಷ್ಟು ತಿಳಿವಳಿಕೆ ನನಗಿಲ್ಲವಾದ್ದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ತಿಳಿದವರು ತಿದ್ದಬೇಕು.

ನಮ್ಮ ಹಿತ್ತಲಿನಲ್ಲಿ ಮಾವನವರು ನೆಟ್ಟ ಬೇವಿನ ಮರವೊಂದಿದೆ. ಈಗ ಅದು ಟೆರೇಸಿನ ಮೇಲಿನ ನೀರಿನ ಟ್ಯಾಂಕನ್ನೂ ಮೀರಿ ಬೆಳೆದಿದೆ. ಯುಗಾದಿಗೆ ಬೇವಿನ ಹೂವು ಕೀಳಲೆಂದು ಮೇಲೆ ಹೋದಾಗ, ಎರಡು ಹಕ್ಕಿಗಳು ಒಣಕಡ್ಡಿಗಳನ್ನು ಹೊತ್ತು ಮರದ ನೆತ್ತಿಯ ಕವಲಿಗೆ ಹೋಗಿಬರುತ್ತಿದ್ದವು. ಕಾಗೆಗಳೆಂದುಕೊಂಡು ಸುಮ್ಮನಾದೆ. ಒಂದು ವಾರದ ಮೇಲೆ ಅದೇ ಮರದಿಂದ ‘ಟಿಟ್ಯೂ, ಟಿಟ್ಯೂ’ ಎಂಬ ಚೂಪಾದ ಕೂಗು ಬೆಳಗಿನಿಂದ ಹತ್ತು ಗಂಟೆಯವರೆಗೂ ಕೇಳತೊಡಗಿದಾಗ ಗಮನವಿಟ್ಟು ನೋಡಿದೆ. ಪಾರಿವಾಳದಷ್ಟು ಗಾತ್ರ, ಬೂದು ಬಣ್ಣದ ಬೆನ್ನು, ಎದೆಯ ಮೇಲೆ ಇಟ್ಟಿಗೆ ಬಣ್ಣದ ತೆಳುವಾದ ಅಡ್ಡಗೆರೆಗಳು, ಉದ್ದ ಬಾಲದ ಮೇಲೆ ಕಪ್ಪು ಪಟ್ಟೆಗಳು, ಹಳದಿ ಕಾಲು. ಎರಡರಲ್ಲಿ ಒಂದು ತುಸು ಚಿಕ್ಕದು; ಅದರ ಕಣ್ಣು ಕೆಂಪು. ದೊಡ್ಡದರ ಕಣ್ಣು ಹಳದಿ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮ ಅತ್ತೆಯವರಿಗೆ ಎಂಬತ್ತನಾಲ್ಕು ವರ್ಷ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ಹಿಡಿ ಅಕ್ಕಿನುಚ್ಚು ಹಾಕಿ, ಅಳಿಲುಗಳು ಬಂದು ತಿನ್ನುವುದನ್ನು ನೋಡಿದ ಮೇಲೆಯೇ ಅವರು ತಿಂಡಿಗೆ ಕೂರುವುದು. ರಾಮನು ಬೆನ್ನು ಸವರಿದ ಪ್ರಾಣಿ ಎಂಬ ಭಕ್ತಿ ಅವರದು. ಹದಿನೈದು ದಿನಗಳ ಹಿಂದೆ ಅವರ ಕಣ್ಣೆದುರಿಗೇ ಆ ಹಕ್ಕಿ ಗೋಡೆಯ ಅಂಚಿಗೆ ತಾಗಿದಂತೆ ತೇಲಿ ಬಂದು, ಕಲ್ಲಿನ ಮೇಲಿದ್ದ ಅಳಿಲೊಂದನ್ನು ಎತ್ತಿಕೊಂಡು ಟ್ಯಾಂಕಿನ ಮೇಲೆ ಕುಳಿತಿತು. ರೆಕ್ಕೆಯ ಸದ್ದೂ ಇಲ್ಲ, ಕೂಗೂ ಇಲ್ಲ. ಉಳಿದ ಅಳಿಲುಗಳು ಚಿಪ್ ಚಿಪ್ ಎಂದು ಅರ್ಧ ಗಂಟೆ ಕೂಗಿದವು. ಅತ್ತೆಯವರು ಅಂದು ತಿಂಡಿ ಮುಟ್ಟಲಿಲ್ಲ.

ಅಂದಿನಿಂದ ನಾನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಲೆಕ್ಕ ಬರೆದಿಡುತ್ತಿದ್ದೇನೆ. ಟ್ಯಾಂಕಿನ ಮೇಲೆ ತಂದು ಹರಿದು ತಿಂದದ್ದನ್ನು ಅಥವಾ ಗೂಡಿಗೆ ಒಯ್ದದ್ದನ್ನು ನಾನು ಕಂಡಷ್ಟು ಹೀಗಿದೆ: ಓತಿಕ್ಯಾತ 11, ಇಲಿ 6, ಸಣ್ಣ ಹಕ್ಕಿ 4, ಅಳಿಲು 3, ಏನೆಂದು ಗುರುತು ಸಿಗದದ್ದು 5, ಒಟ್ಟು 29. ಈಗ ಒಂದು ವಾರದಿಂದ ದೊಡ್ಡ ಹಕ್ಕಿ ಗೂಡು ಬಿಟ್ಟು ಏಳುತ್ತಿಲ್ಲ. ಕಾವಿಗೆ ಕೂತಿರಬೇಕು.

ಅತ್ತೆಯವರು ಮರಿಯಾಗುವ ಮೊದಲೇ ಆ ಕೊಂಬೆಯನ್ನು ಕಡಿಸಿಬಿಡು ಎನ್ನುತ್ತಾರೆ. ಪಕ್ಕದ ಮನೆಯವರೂ ಅದಕ್ಕೆ ದನಿಗೂಡಿಸುತ್ತಿದ್ದಾರೆ. ಅವರದು ಮಂಡಕ್ಕಿ, ಖಾರ ಮಾರುವ ಅಂಗಡಿ. ಮೂಟೆಗಳನ್ನು ಮನೆಯ ಹಿಂದಿನ ಶೆಡ್ಡಿನಲ್ಲಿಡುತ್ತಾರೆ. ಹಕ್ಕಿ ಇಲಿ ಹಿಡಿಯುತ್ತದಲ್ಲ ಎಂದರೆ, ಅದಕ್ಕೆ ಪಾಷಾಣದ ಬಿಲ್ಲೆ ಇಟ್ಟಿದ್ದೇವೆ, ಹಕ್ಕಿಯ ಉಪಕಾರವೇನೂ ಬೇಕಿಲ್ಲ ಎನ್ನುತ್ತಾರೆ.

ಇದು ಯಾವ ಹಕ್ಕಿ? ಒಂದು ಜೋಡಿ ಇಲ್ಲೇ ನೆಲೆಸಿದರೆ ಹಿತ್ತಲಿನ ಅಳಿಲುಗಳು ಪೂರ್ತಿ ಮುಗಿದುಹೋಗುವವೇ? ಬಟ್ಟೆ ಒಣಹಾಕಲು ಹೋದವರ ತಲೆಗೆ ಎರಗುತ್ತದೆಯೇ? ಎಷ್ಟು ದಿನ ಇರುತ್ತದೆ?

ಉತ್ತರ 1 (ಚಿತ್ರದುರ್ಗದಿಂದ)

ಮೇಡಂ, ನೀವು ಕಣ್ಣಿನ ಬಣ್ಣವನ್ನೂ ಗಾತ್ರದ ವ್ಯತ್ಯಾಸವನ್ನೂ ಸೇರಿಸಿ ಬರೆದಿರುವುದರಿಂದ ಊಹೆಗೆ ಅವಕಾಶವೇ ಇಲ್ಲ. ಇದು ಬಿಜ್ಜು, ಇಂಗ್ಲಿಷಿನವರೂ ಶಿಕ್ರಾ ಎಂದೇ ಕರೆಯುತ್ತಾರೆ. ಕೆಂಪು ಕಣ್ಣಿನ ಚಿಕ್ಕದು ಗಂಡು, ಹಳದಿ ಕಣ್ಣಿನ ದೊಡ್ಡದು ಹೆಣ್ಣು. ಬೇಟೆಹಕ್ಕಿಗಳಲ್ಲಿ ಹೆಣ್ಣೇ ದೊಡ್ಡದಿರುವುದು ರೂಢಿ. ಕೊಕ್ಕಿನಿಂದ ಬಾಲದ ತುದಿಯವರೆಗೆ 26ರಿಂದ 30 ಸೆಂಟಿಮೀಟರ್ ಮಾತ್ರ. ಇದರ ವೈಜ್ಞಾನಿಕ ಹೆಸರು ಅಕ್ಸಿಪಿಟರ್ ಬೇಡಿಯಸ್ ಎಂದಿದ್ದದ್ದು 2024ರಲ್ಲಿ ಟ್ಯಾಕಿಸ್ಪೈಜಾ ಬೇಡಿಯಾ ಎಂದು ಬದಲಾಗಿದೆ. ಹಳೆಯ ಪುಸ್ತಕ ನೋಡಿ ಗೊಂದಲಗೊಳ್ಳಬೇಡಿ.

ಊರೊಳಗೆ ಜನರು ಇದನ್ನು ಹದ್ದಿನ ಮರಿ ಎಂದು ತಪ್ಪು ತಿಳಿಯುವುದು ಸಾಮಾನ್ಯ. ಹದ್ದು ಆಕಾಶದಲ್ಲಿ ಗಂಟೆಗಟ್ಟಲೆ ತೇಲುತ್ತಾ ಸತ್ತದ್ದು, ಎಸೆದದ್ದು, ಕೈಗೆ ಸಿಕ್ಕಿದ್ದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ. ಅದರ ಬಾಲದಲ್ಲಿ ಮೀನಿನ ಬಾಲದಂಥ ಕವಲಿರುತ್ತದೆ. ಬಿಜ್ಜು ತೇಲುವುದು ಕಡಿಮೆ. ಎಲೆಗಳ ಮರೆಯಲ್ಲಿ ಕದಲದೆ ಕುಳಿತು, ನೆಲದ ಮೇಲಿನ ಪ್ರಾಣಿ ಮೈಮರೆತ ಗಳಿಗೆಯಲ್ಲಿ ನಾಲ್ಕಾರು ಸಲ ರೆಕ್ಕೆ ಬಡಿದು, ಆಮೇಲೆ ಬಡಿಯದೆಯೇ ಜಾರಿಕೊಂಡು ಬಂದು ಎರಗುತ್ತದೆ. ಗೋಡೆಗೆ ತಾಗಿದಂತೆ ತೇಲಿ ಬಂತು ಎಂದಿರಲ್ಲ, ಅದು ಗೋಡೆಯ ಮರೆಯನ್ನು ಬಳಸಿಕೊಂಡದ್ದು. ಗಿಡ, ಕಾಂಪೌಂಡು, ನಿಂತ ಕಾರು, ಒಣಹಾಕಿದ ಸೀರೆ, ಎಲ್ಲವೂ ಅದಕ್ಕೆ ಮರೆಯೇ. ಅದರ ಚಿಕ್ಕ ದುಂಡು ರೆಕ್ಕೆ ಮತ್ತು ಉದ್ದ ಬಾಲ ಇರುವುದೇ ಇಂಥ ಇಕ್ಕಟ್ಟಿನ ಜಾಗದಲ್ಲಿ ಥಟ್ಟನೆ ತಿರುಗುವುದಕ್ಕೆ. ಜೋಗಿಮಟ್ಟಿಯ ಕಾಡಿನಲ್ಲಿ ನಾನು ಇದನ್ನು ಕಂಡದ್ದಕ್ಕಿಂತ ಹೆಚ್ಚು ಸಲ ಕಂಡದ್ದು ನಮ್ಮ ಬೀದಿಯ ಹೊಂಗೆ ಮರಗಳಲ್ಲಿ.

ಗುರುತಿಸುವಾಗ ಒಂದು ಎಚ್ಚರವಿರಲಿ. ಮಳೆಗಾಲಕ್ಕೆ ಮುಂಚೆ ಹಗಲೂ ರಾತ್ರಿ ಏರುದನಿಯಲ್ಲಿ ಕೂಗಿ ನಿದ್ದೆಗೆಡಿಸುವ ಕೋಗಿಲೆ ಜಾತಿಯ ಒಂದು ಹಕ್ಕಿ ಬೆನ್ನು, ಎದೆ, ಬಾಲ ಎಲ್ಲದರಲ್ಲೂ ಬಿಜ್ಜುವಿನ ವೇಷವನ್ನೇ ಹಾಕಿರುತ್ತದೆ. ಅದು ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಕೊಕ್ಕು ಕೊಕ್ಕೆಯಂತಿರುವುದಿಲ್ಲ, ಬೇಟೆಯ ಉಗುರುಗಳೂ ಇರುವುದಿಲ್ಲ. ಇನ್ನು ‘ಟಿಟ್ಯೂ’ ಎಂಬ ಕೂಗು ಕೇಳಿದಾಗಲೆಲ್ಲ ಬಿಜ್ಜುವೇ ಇರಬೇಕೆಂದಿಲ್ಲ. ಕಾಜಾಣ ಅದೇ ಕೂಗನ್ನು ಅಣಕಿಸಿ, ಹೆದರಿ ಹಾರಿಹೋದ ಮೈನಾಗಳ ತುತ್ತನ್ನು ತಾನು ತಿನ್ನುತ್ತದೆ!

ನಿಮ್ಮ ಲೆಕ್ಕದ ಬಗ್ಗೆ ಗಣಿತದವರಿಗೆ ನಾನು ಹೇಳಬೇಕೇ, ಆದರೂ ಹೇಳುತ್ತೇನೆ. ಟ್ಯಾಂಕಿನ ಮೇಲೆ ತಂದದ್ದಷ್ಟೇ ನಿಮ್ಮ ಪುಸ್ತಕಕ್ಕೆ ಬಂದಿದೆ. ಬಿಜ್ಜುಗಳಿಗೆ ಬೇಟೆಯ ಪುಕ್ಕ ಕಿತ್ತು, ತುಪ್ಪಳ ತೆಗೆದು ಹರಿಯಲು ಮೆಚ್ಚಿನ ಜಾಗಗಳು ಎರಡು ಮೂರು ಇರುತ್ತವೆ. ಮಿಡತೆ, ಈಸುಳ್ಳಿಯಂಥ ಸಣ್ಣ ತುತ್ತನ್ನು ಹಿಡಿದಲ್ಲೇ ನುಂಗಿರುತ್ತದೆ. ಮುಸ್ಸಂಜೆಯಲ್ಲಿ ಸಣ್ಣ ಬಾವಲಿಯನ್ನೂ ಹಿಡಿಯುವುದುಂಟು. ಹಾಗಾಗಿ ಅಳಿಲಿನಂಥ ದೊಡ್ಡ ಬೇಟೆ ನಿಮ್ಮ ಲೆಕ್ಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕಾಣಿಸುತ್ತಿದೆ. ಹಾಗಿದ್ದೂ 29ರಲ್ಲಿ ಅದು ಮೂರೇ. ಬೆಳೆದ ಅಳಿಲು ಗಂಡು ಬಿಜ್ಜುವಿಗೆ ಹೊರಲಾಗದ ಹೊರೆ. ಅದನ್ನು ಹಿಡಿಯುವುದು ಬಹುಪಾಲು ಹೆಣ್ಣು. ಅದೀಗ ಕಾವಿಗೆ ಕೂತಿರುವುದರಿಂದ ಮುಂದಿನ ಕೆಲವು ವಾರ ಗಂಡು ತರುವ ಓತಿ, ಸುಂಡಿಲಿಗಳಲ್ಲೇ ಅದರ ಜೀವನ. ಮರಿಗಳು ದೊಡ್ಡವಾದ ಮೇಲೆ ಹೆಣ್ಣೂ ಬೇಟೆಗಿಳಿಯುತ್ತದೆ, ಆಗ ಅಳಿಲುಗಳಿಗೆ ಮತ್ತೆ ಗಂಡಾಂತರ. ಆದರೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುವ ಅಳಿಲುಗಳು ಒಂದು ಜೋಡಿ ಬಿಜ್ಜುವಿನಿಂದ ಮುಗಿದುಹೋದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಬೀದಿಯಲ್ಲಿ ಬಿಜ್ಜು ನಾಲ್ಕು ವರ್ಷ ಗೂಡು ಕಟ್ಟಿತು. ಅಳಿಲುಗಳು ಇಂದಿಗೂ ನನ್ನ ಸೀಬೆಕಾಯಿ ಉಳಿಸುವುದಿಲ್ಲ.

ಅಜ್ಜಿಯವರಿಗೆ ನನ್ನದೊಂದು ವಿನಂತಿ. ದಿನವೂ ಒಂದೇ ಹೊತ್ತಿಗೆ, ಒಂದೇ ಬಯಲು ಕಲ್ಲಿನ ಮೇಲೆ ನುಚ್ಚು ಹಾಕುವುದೆಂದರೆ ಅಳಿಲಿಗೆ ಎಲೆ ಹಾಕಿದಂತೆಯೇ ಬಿಜ್ಜುವಿಗೂ ಎಲೆ ಹಾಕಿದಂತೆ. ನುಚ್ಚನ್ನು ದಟ್ಟವಾದ ದಾಸವಾಳದ ಬುಡಕ್ಕೋ ಕರಿಬೇವಿನ ಗುಂಪಿನೊಳಕ್ಕೋ ಹಾಕಿ, ಹೊತ್ತನ್ನೂ ಆಗಾಗ ಬದಲಿಸಿದರೆ ಅರ್ಧ ಅಪಾಯ ತಪ್ಪಿತು.

ಮೊಟ್ಟೆಗಳು ಸಾಮಾನ್ಯವಾಗಿ ಮೂರು ನಾಲ್ಕು, ಮಾಸಲು ನೀಲಿ. ಕಾವು 18ರಿಂದ 21 ದಿನ. ಮರಿಗಳು ಗೂಡು ಬಿಡಲು ಅಲ್ಲಿಂದ ಸುಮಾರು ಒಂದು ತಿಂಗಳು. ಹಾರಿದ ಮೇಲೂ ಕೆಲವು ವಾರ ಅಪ್ಪ ಅಮ್ಮನ ಹಿಂದೆ ಕೂಗುತ್ತಾ ಅಲೆಯುತ್ತವೆ. ಮುಂಗಾರು ಹಿಡಿಯುವ ಹೊತ್ತಿಗೆ ನಿಮ್ಮ ಮರ ಖಾಲಿಯಾಗುತ್ತದೆ. ತಲೆಗೆ ಎರಗುವ ಭಯ ದೊಡ್ಡದಲ್ಲ. ಮರಿಯಿದ್ದಾಗ ಮರದ ಬುಡದಲ್ಲಿ ಬಹಳ ಹೊತ್ತು ನಿಂತರೆ ಕೂಗಿ, ತಲೆಯ ಮೇಲಿಂದ ಹಾದುಹೋಗಿ ಹೆದರಿಸಬಹುದು. ಒಂದು ಛತ್ರಿ ಸಾಕು. ಫೋಟೋ ತೆಗೆಯುವ ನೆಪದಲ್ಲಿ ಏಣಿ ಹಾಕುವುದು, ಡ್ರೋನ್ ಹಾರಿಸುವುದು, ಮೊಬೈಲಿನಲ್ಲಿ ಅದರ ಕೂಗನ್ನು ಕೇಳಿಸುವುದು ಮಾತ್ರ ಬೇಡ.

ಕೊಂಬೆ ಕಡಿಸುವ ಮಾತನ್ನು ದಯವಿಟ್ಟು ಅಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ.

ಉತ್ತರ 2 (ಚಳ್ಳಕೆರೆ ತಾಲ್ಲೂಕಿನಿಂದ)

ಅಕ್ಕನವರಿಗೆ ನಮಸ್ಕಾರ. ನಾನು ಶೇಂಗಾ ಬೆಳೆಯುವವನು. ನಿಮ್ಮ ಮನೆಯಲ್ಲಿ ಅಳಿಲು ಹೋಯಿತೆಂದು ದುಃಖಪಡುತ್ತಿದ್ದೀರಿ. ನಮ್ಮಲ್ಲಿ ಬೇಟೆಹಕ್ಕಿ ಬಾರದಿದ್ದರೆ ದುಃಖ. ಕಾಯಿ ಬಲಿಯುವ ಹೊತ್ತಿಗೆ ಇಲಿಗಳು ಬದುವಿನ ಬಿಲದಿಂದ ರಾತ್ರಿ ಬಂದು, ಗಿಡದ ಬುಡ ಕೆದರಿ, ಕಾಯಿ ಕಡಿದು ಬಿಲದಲ್ಲಿ ಕೂಡಿಡುತ್ತವೆ. ಸುಗ್ಗಿಯಾದ ಮೇಲೆ ಬಿಲ ಅಗೆದು ಆ ಕಾಯಿಗಳನ್ನು ತೆಗೆಯುತ್ತಿದ್ದದ್ದು ನನಗೆ ಚಿಕ್ಕಂದಿನ ನೆನಪು.

ನಮ್ಮ ಕಡೆ ಬಯಲು ಹೆಚ್ಚು, ಮರ ಕಡಿಮೆಯಾದ್ದರಿಂದ ಬಿಜ್ಜುವಿಗಿಂತ ರಾಮದಾಸ ಹದ್ದು ಹೆಚ್ಚಾಗಿ ಕಾಣುತ್ತದೆ. ಬಿಳಿಯ ಮೈ, ಭುಜದ ಮೇಲೆ ಕಪ್ಪು ಮಚ್ಚೆ, ಕೆಂಪು ಕಣ್ಣು. ಬಿಜ್ಜು ಕದ್ದು ಕೂತು ಹಿಡಿಯುವ ಜಾತಿಯಾದರೆ, ಇದು ಹೊಲದ ಮೇಲೆ ಗಾಳಿಗೆದುರಾಗಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ, ದಾರದಲ್ಲಿ ಕಟ್ಟಿ ತೂಗುಬಿಟ್ಟಂತೆ ನಿಂತುಬಿಡುತ್ತದೆ. ಆಮೇಲೆ ಕಾಲು ಇಳಿಬಿಟ್ಟು, ರೆಕ್ಕೆ ಮೇಲಕ್ಕೆತ್ತಿ, ಮೆಟ್ಟಿಲಿಳಿದಂತೆ ಇಳಿದು ಇಲಿಯ ಮೇಲೆ ಬೀಳುತ್ತದೆ. ಇದರ ಊಟದ ಬಹುಪಾಲು ಇಲಿ, ಸುಂಡಿಲಿಗಳೇ. ಎರಡು ವರ್ಷಗಳ ಹಿಂದೆ ನಮ್ಮ ಬದುವಿನ ಜಾಲಿಮರದಲ್ಲಿ, ಆಳೆತ್ತರಕ್ಕಿಂತ ತುಸು ಮೇಲೆ, ಒಂದು ಜೋಡಿ ಗೂಡು ಕಟ್ಟಿತ್ತು. ಗಂಡು ಇಲಿ ತಂದು ಹತ್ತಿರದ ಕಂಬದ ಮೇಲೆ ಕೂತು ಕರೆಯುವುದು, ಹೆಣ್ಣು ಗೂಡಿನಿಂದ ಎದ್ದು ಹೋಗಿ ಈಸಿಕೊಳ್ಳುವುದು. ಸಂಜೆ ಕಳೆ ತೆಗೆದು ಕೈ ತೊಳೆಯುವ ಹೊತ್ತಿಗೆ ದಿನವೂ ಇದೇ ನಮಗೆ ನೋಟ.

ಆ ವರ್ಷದಿಂದ ನಾನು ಹೊಲದಲ್ಲಿ ಅಲ್ಲಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಗೂಟ ನೆಡುತ್ತೇನೆ. ಹಗಲು ಹದ್ದು ಕೂರುತ್ತದೆ, ರಾತ್ರಿ ಗೂಬೆ ಕೂರುತ್ತದೆ. ಇಲಿ ಪೂರ್ತಿ ಹೋಯಿತೆಂದು ಸುಳ್ಳು ಹೇಳಲಾರೆ. ಆದರೆ ಬಿಲಗಳು ಗೂಟದ ಹತ್ತಿರ ಕಡಿಮೆ, ದೂರದ ಮೂಲೆಯಲ್ಲಿ ಹೆಚ್ಚು.

ಅಮ್ಮನವರಿಗೆ ಹೇಳಿ: ಅಳಿಲು ರಾಮನದಾದರೆ, ಈ ಹದ್ದಿನ ಹೆಸರೂ ರಾಮದಾಸನೇ.

ಉತ್ತರ 3 (ಚನ್ನಗಿರಿ ತಾಲ್ಲೂಕಿನಿಂದ)

ಮೇಲಿನ ಇಬ್ಬರೂ ಬರೆದದ್ದು ಓದಲು ಚೆಂದವಾಗಿದೆ, ಆದರೆ ಅಜ್ಜಿಯವರ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ. ನಾವು ಅಡಿಕೆ ತೋಟದ ಮನೆಯಲ್ಲಿ ನಾಟಿ ಕೋಳಿ ಸಾಕಿದ್ದೇವೆ. ಕಳೆದ ಬೇಸಿಗೆಯಲ್ಲಿ ಒಂದು ಹೇಂಟೆಯ ಒಂಬತ್ತು ಮರಿಗಳಲ್ಲಿ ಐದನ್ನು ಇದೇ ಬಿಜ್ಜು ಎಂಟು ದಿನದೊಳಗೆ ಒಯ್ದಿತು. ಹೇಂಟೆ ಕೊಕ್ಕರಿಸಿ ಮರಿಗಳನ್ನು ರೆಕ್ಕೆಯಡಿಗೆ ಕರೆಯುವಷ್ಟರಲ್ಲಿ ಒಂದು ಹೋಗಿರುತ್ತಿತ್ತು. ಹದ್ದು ಆಕಾಶದಲ್ಲಿ ಸುತ್ತಿದರೆ ಕೂಗು ಹಾಕಿ ಓಡಿಸಬಹುದು. ಕಾಳುಮೆಣಸಿನ ಬಳ್ಳಿಯ ಮರೆಯಿಂದ ಬರುವುದನ್ನು ಓಡಿಸುವುದು ಹೇಗೆ? ಇಲಿ ಹಿಡಿಯುತ್ತದೆ ಎಂಬ ಪುಣ್ಯವನ್ನು ನಮ್ಮ ಮರಿಗಳ ಲೆಕ್ಕಕ್ಕೆ ಯಾರು ಜಮಾ ಮಾಡುತ್ತಾರೆ?

ಗೂಡು ಕೀಳಿರಿ ಎಂದು ನಾನು ಹೇಳುತ್ತಿಲ್ಲ. ನಾವೂ ಕಿತ್ತಿಲ್ಲ. ಈ ಸಲ ಮರಿಗಳಿಗೆ ಒಂದೂವರೆ ತಿಂಗಳಾಗುವವರೆಗೆ ಮೇಲೆ ಬಲೆ ಹೊದಿಸಿದ ಬಿದಿರಿನ ಪಂಜರದಲ್ಲೇ ಬಿಡುತ್ತಿದ್ದೇವೆ. ಅದಕ್ಕೆ ತಗುಲಿದ ಖರ್ಚು ಎಂಟುನೂರು ರೂಪಾಯಿ. ಆದರೆ ಬೇಟೆಹಕ್ಕಿಯಿಂದ ನಷ್ಟವೇ ಇಲ್ಲವೆಂಬಂತೆ ಬರೆದರೆ ನಷ್ಟವಾದವನು ನಾಳೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಉತ್ತರ 4 (ದಾವಣಗೆರೆ, ನಿವೃತ್ತ ಪಶುವೈದ್ಯ)

ಮೇಡಂ ಅವರೇ, ಎಲ್ಲರೂ ಅಳಿಲಿನ ಬಗ್ಗೆ, ಕೋಳಿಯ ಬಗ್ಗೆ ಬರೆದಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೀವು ಹಾಗೆಯೇ ದಾಟಿಹೋದ ಒಂದು ವಾಕ್ಯ: ಪಕ್ಕದ ಮನೆಯ ಶೆಡ್ಡಿನಲ್ಲಿ ಪಾಷಾಣದ ಬಿಲ್ಲೆ ಇಟ್ಟಿದ್ದಾರೆ ಎಂಬುದು. ಕೊಂಬೆ ಕಡಿಯದಿದ್ದರೂ ಆ ಗೂಡು ಹಾಳಾಗುವುದಕ್ಕೆ ಆ ಒಂದು ಬಿಲ್ಲೆ ಸಾಕು.

ಅಂಗಡಿಗಳಲ್ಲಿ ಬಿಲ್ಲೆಯಾಗಿ ಸಿಗುವ ಪಾಷಾಣದಲ್ಲಿ ಸಾಮಾನ್ಯವಾಗಿ ಇರುವುದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಮೈಗೆ ವಿಟಮಿನ್ ಕೆ ಬೇಕು. ಈ ವಿಷ ಆ ವಿಟಮಿನ್ನಿನ ಕೆಲಸವನ್ನು ತಡೆಯುತ್ತದೆ. ಮೈಯಲ್ಲಿ ಮೊದಲೇ ಇರುವ ಹೆಪ್ಪುಗಟ್ಟಿಸುವ ಅಂಶಗಳು ತೀರುವವರೆಗೆ ಇಲಿ ಓಡಾಡಿಕೊಂಡೇ ಇರುತ್ತದೆ, ಮತ್ತೆ ಮತ್ತೆ ಬಂದು ಬಿಲ್ಲೆ ತಿನ್ನುತ್ತದೆ. ಕೆಲವು ದಿನಗಳ ಮೇಲೆ ಒಳಗೊಳಗೇ ರಕ್ತ ಸೋರಿ, ನಿಶ್ಶಕ್ತವಾಗಿ, ಬಿಲ ಬಿಟ್ಟು ಹಾಡಹಗಲಿನಲ್ಲಿ ಗೋಡೆಯ ಬದಿಯಲ್ಲಿ ಮೆಲ್ಲಗೆ ತೆವಳುತ್ತದೆ. ಬಿಜ್ಜು ಹಗಲಿನ ಬೇಟೆಗಾರ. ರಾತ್ರಿ ತಿರುಗುವ ಇಲಿ ಅದಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. ಹಾಗಿದ್ದೂ ನಿಮ್ಮ ಪುಸ್ತಕದಲ್ಲಿ ಇಲಿ ಆರು ಎಂದಿದೆ. ಎಲ್ಲವೂ ವಿಷ ತಿಂದವೇ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಆದರೆ ಆ ಅಂಕಿ ನೋಡಿ ನನಗೆ ಸಮಾಧಾನವಾಗಲಿಲ್ಲ. ವಿಷ ಇಲಿಯ ಪಿತ್ತಜನಕಾಂಗದಲ್ಲಿ ಉಳಿದಿರುತ್ತದೆ. ತಿಂದ ಹಕ್ಕಿಯ ಮೈಗೆ ಅದು ಸೇರುತ್ತದೆ. ಹೆಣ್ಣು ಅದನ್ನೇ ಹರಿದು ಮರಿಯ ಬಾಯಿಗಿಡುತ್ತದೆ. ಆಗ ಸಣ್ಣ ಗಾಯದಿಂದಲೂ ರಕ್ತ ನಿಲ್ಲುವುದಿಲ್ಲ.

ಹೊಲಗಳಲ್ಲಿ ಬಳಸುವ ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಬೇರೆ ರೀತಿಯದು. ಹೊಟ್ಟೆಯ ಆಮ್ಲ ತಾಗಿದೊಡನೆ ವಿಷಾನಿಲವಾಗಿ ಇಲಿಯನ್ನು ಬೇಗ ಕೊಲ್ಲುತ್ತದೆ, ಬ್ರೋಮಾಡಿಯೋಲೋನಿನಂತೆ ಮೈಯಲ್ಲಿ ಬಹುಕಾಲ ಉಳಿಯುವುದಿಲ್ಲ. ಆದರೆ ಮಕ್ಕಳು, ನಾಯಿ, ದನಗಳಿರುವ ಕಡೆ ಅದನ್ನು ಇಡಿ ಎಂದು ನಾನು ಎಂದೂ ಹೇಳಲಾರೆ. ಅಂಟಿನ ಹಲಗೆಯೂ ಬೇಡ. ಅದಕ್ಕೆ ಇಲಿಗಿಂತ ಮೊದಲು ಹಲ್ಲಿ, ಓತಿಕ್ಯಾತಗಳೂ ಅವನ್ನು ಹಿಡಿಯಲು ಬಂದ ಹಾಲಕ್ಕಿಯೂ ಅಂಟಿಕೊಳ್ಳುತ್ತವೆ.

ಮಂಡಕ್ಕಿ ಮೂಟೆಯ ಮನೆಗೆ ಇಲಿ ಬರುವುದು ಸಹಜ. ನಮ್ಮ ಊರಿನಲ್ಲಿ ಭಟ್ಟಿ ಇಟ್ಟವರಿಂದ ಹಿಡಿದು ಗಿರ್ಮಿಟ್ ಮಾರುವವರವರೆಗೆ ಎಲ್ಲರದೂ ಇದೇ ಗೋಳು. ಶೆಡ್ಡಿನ ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಸಿ, ಚರಂಡಿಯ ಬಾಯಿಗೆ ಜಾಲರಿ ಹಾಕಿಸಿ, ಮೂಟೆಗಳನ್ನು ಗೋಡೆಯಿಂದ ಒಂದು ಅಡಿ ಬಿಟ್ಟು ಹಲಗೆಯ ಮೇಲೆ ಜೋಡಿಸಿ, ಬೋನುಗಳನ್ನು ಗೋಡೆಗುಂಟ ಇಡಬೇಕು. ಇಲಿ ಗೋಡೆ ಬಿಟ್ಟು ನಡುಜಾಗದಲ್ಲಿ ಓಡಾಡುವುದು ಕಡಿಮೆ. ಬೋನಿಗೆ ಶೇಂಗಾ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸವರಿದರೆ ಕೊಬ್ಬರಿ ಚೂರಿಗಿಂತ ಚೆನ್ನಾಗಿ ಬೀಳುತ್ತವೆ. ಇದು ನನ್ನ ಮನೆಯ ಅನುಭವ. ಬಿಲ್ಲೆಗಳನ್ನೂ ಸತ್ತ ಇಲಿಗಳನ್ನೂ ಕಸದ ಗಾಡಿಗೆ ಬಿಡಿಯಾಗಿ ಹಾಕದೆ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕೊಡಲಿ.

ಮರಿ ಬಿದ್ದರೆ ಅನ್ನ, ಹಾಲು ಏನನ್ನೂ ಕೊಡಬೇಡಿ. ಪುಕ್ಕ ಬಂದ ಮರಿಯಾದರೆ ಬೆಕ್ಕಿಗೆ ಎಟುಕದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ, ತಾಯಿ ಹುಡುಕಿಕೊಂಡು ಬಂದು ತಿನ್ನಿಸುತ್ತದೆ. ಗಾಯವಾಗಿದ್ದರೆ ಅಥವಾ ಬಾಯಿ, ಮೂಗಿನಲ್ಲಿ ರಕ್ತ ಕಂಡರೆ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ. ಈ ವಿಷಕ್ಕೆ ವಿಟಮಿನ್ ಕೆ 1 ಮದ್ದು, ಬೇಗ ಕೊಟ್ಟರೆ ಮಾತ್ರ.

ಮತ್ತೆ ಉತ್ತರ 1ರವರು

ಡಾಕ್ಟರರು ಹೇಳಿದ್ದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹಾಗೆಯೇ ಚನ್ನಗಿರಿಯವರ ಆಕ್ಷೇಪವೂ ನ್ಯಾಯವಾದದ್ದು. ಕೋಳಿಮರಿಗೆ ಬಿಜ್ಜು ಶತ್ರುವೇ. ಹಿಂದೆ ರಾಜರು, ಪಾಳೆಯಗಾರರು ಬೇಟೆಗೆ ಪಳಗಿಸುತ್ತಿದ್ದ ಗಿಡುಗಗಳಲ್ಲಿ ಬಿಜ್ಜುವೂ ಒಂದು. ಕನ್ನಡದ ‘ಸಾಳುವ’ ಎಂಬ ಪದಕ್ಕೆ ಬೇಟೆಯ ಗಿಡುಗ ಎಂದೇ ಅರ್ಥ. ವಿಜಯನಗರದ ಸಾಳುವ ವಂಶದ ಹೆಸರೂ ಅದೇ ಪದ. ಪಳಗಿಸುವಷ್ಟು ಅದರ ಬೇಟೆಯನ್ನು ಮೆಚ್ಚಿದವರ ಮನೆಯ ಕೋಳಿಗಳೂ ಹೋಗಿಯೇ ಇದ್ದಿರಬೇಕು.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಪಕ್ಕದ ಮನೆಯವರ ಬಳಿ ಹಕ್ಕಿಯ ಪರವಾಗಿ ಮಾತಾಡಿ ಪ್ರಯೋಜನವಾಗದೆಂದು ತಿಳಿದು, ಡಾಕ್ಟರರು ಬರೆದದ್ದನ್ನೇ ಮೊಬೈಲಿನಲ್ಲಿ ತೋರಿಸಿದೆ. ಅವರ ಸೊಸೆ ಓದಿ, ಶೆಡ್ಡಿನಲ್ಲಿ ಆಟವಾಡುವ ಎರಡು ವರ್ಷದ ಮೊಮ್ಮಗನನ್ನು ಒಮ್ಮೆ, ಬಿಲ್ಲೆಗಳನ್ನು ಒಮ್ಮೆ ನೋಡಿದರು. ಅಂದೇ ಸಂಜೆ ಬಿಲ್ಲೆಗಳು ಹೋದವು. ತಗಡು ಹೊಡೆಸಲು ಇನ್ನೂ ಹದಿನೈದು ದಿನ ಹಿಡಿಯಿತು. ಬೋನಿಗೆ ಚಟ್ನಿಪುಡಿ ಮಾತ್ರ ನಮ್ಮ ಮನೆಯಿಂದಲೇ ಹೋಗುತ್ತಿದೆ.

ಗೂಡಿನಲ್ಲಿ ಮೂರು ಮರಿಗಳ ತಲೆ ಎಣಿಸಿದ್ದೆ. ಮೂರನೆಯದು, ಎಲ್ಲಕ್ಕಿಂತ ಚಿಕ್ಕದು, ಮೇ ತಿಂಗಳ ಒಂದು ಸಂಜೆಯ ಗಾಳಿಮಳೆಯ ನಂತರ ಕಾಣಲಿಲ್ಲ, ಮರದಡಿಯಲ್ಲೂ ಸಿಗಲಿಲ್ಲ. ಅದಕ್ಕೆ ಗಾಳಿ ಕಾರಣವೋ, ಕಾಗೆ ಕಾರಣವೋ, ಮೊದಲು ತಿಂದ ಇಲಿ ಕಾರಣವೋ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಉಳಿದೆರಡು ಜೂನ್ ಮೊದಲ ವಾರದಲ್ಲಿ ಕೊಂಬೆಯಿಂದ ಕೊಂಬೆಗೆ ಹಾರತೊಡಗಿ, ಈಗ ಟ್ಯಾಂಕಿನ ಮೇಲೆ ಕೂತು ಇಡೀ ಬೆಳಿಗ್ಗೆ ಕೂಗುತ್ತವೆ. ಅವುಗಳ ಎದೆಯ ಮೇಲೆ ತಾಯಿಯಂತೆ ಅಡ್ಡಗೆರೆಗಳಿಲ್ಲ, ಕಂದು ಬಣ್ಣದ ಹನಿ ಇಳಿದಂಥ ಉದ್ದಗುರುತುಗಳಿವೆ. ಬೆನ್ನೂ ಬೂದಲ್ಲ, ಕಂದು. ಮೊದಲು ಬೇರೆ ಹಕ್ಕಿ ಬಂದಿದೆಯೆಂದೇ ಭ್ರಮಿಸಿದ್ದೆ. ನಿನ್ನೆ ತಂದೆ ಒಂದು ಸುಂಡಿಲಿ ತಂದು ಟ್ಯಾಂಕಿನ ಅಂಚಿನಲ್ಲಿಟ್ಟು ಹೋಯಿತು. ಮರಿಗಳೆರಡೂ ಅದರ ಮೇಲೆ ರೆಕ್ಕೆ ಹರಡಿ ಜಗಳಕ್ಕೆ ನಿಂತು, ತುತ್ತು ಜಾರಿ ನಮ್ಮ ತುಳಸಿಕಟ್ಟೆಯ ಹತ್ತಿರ ಬಿತ್ತು. ಎರಡೂ ಕೆಳಗೆ ಬಗ್ಗಿ ನೋಡುತ್ತಾ ಬಹಳ ಹೊತ್ತು ಕೂತಿದ್ದವೇ ಹೊರತು ಇಳಿಯಲಿಲ್ಲ. ಅತ್ತೆಯವರು, ‘ಪಾಪ, ಇನ್ನೂ ಕೈಗೂಸುಗಳು, ಆ ಇಲಿಯನ್ನು ಮೇಲಕ್ಕಾದರೂ ಇಟ್ಟು ಬಾರೇ’ ಎಂದರು. ನಾನು ಇಡಲಿಲ್ಲ, ಕಡ್ಡಿಯಿಂದ ಎತ್ತಿ ಹೂಳಿದೆ. ಇಡಬಹುದಿತ್ತೇ ಎಂಬುದನ್ನು ಡಾಕ್ಟರರು ತಿಳಿಸಬೇಕು.

ನುಚ್ಚು ಈಗ ದಾಸವಾಳದ ಬುಡಕ್ಕೆ ಹೋಗಿದೆ. ನನ್ನ ಪುಸ್ತಕದಲ್ಲಿ ಅಳಿಲಿನ ಅಂಕಣಕ್ಕೆ ಮತ್ತೆ ಎರಡು ಸೇರಿ ಐದಾಗಿದೆ. ಬದುಕಿರುವವು ಎಷ್ಟೆಂದು ಅತ್ತೆಯವರು ದಿನವೂ ಕೇಳುತ್ತಾರೆ. ಒಂದರಂತೆಯೇ ಇನ್ನೊಂದಿರುವುದರಿಂದ, ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಹೊರಗೆ ಬಾರದಿರುವುದರಿಂದ, ಆ ಲೆಕ್ಕ ಮಾತ್ರ ನನಗೆ ಇನ್ನೂ ಕೂಡಿ ಬಂದಿಲ್ಲ.